ಥಾಮ್ ಲುವಾಂಗ್ ಗುಹೆಯ ಮಕ್ಕಳು: ಡೈವರ್‌ಗಳ ಜೊತೆ ಗದ್ದೆ ಮುಳುಗಿಸಿಕೊಂಡವರನ್ನೂ ನೆನೆಯೋಣ

ತುಂಗಭದ್ರಾ ದಂಡೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು, ಅಪ್ಪಾ, ಥಾಯ್ಲೆಂಡಿನ ಗುಹೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಹುಡುಗರನ್ನು ಹೇಗೆ ಹೊರಗೆ ತಂದರು ಅಂತ. ಶಾಲೆಯಲ್ಲಿ ಮಾತು ಬಂದಿತ್ತಂತೆ. ಡೈವರ್‌ಗಳು ನೀರಲ್ಲಿ ಹೋಗಿ ಎತ್ತಿಕೊಂಡು ಬಂದರು ಅಂತ ಒಂದೇ ಮಾತಲ್ಲಿ ಮುಗಿಸಿದೆ. ಆಮೇಲೆ ಮಲಗಿದರೆ ನಿದ್ದೆ ಬರಲಿಲ್ಲ. ಅರ್ಧ ಕಥೆ ಹೇಳಿ ಅರ್ಧ ಬಿಟ್ಟೆ ಅನ್ನಿಸಿತು. ಬಿಟ್ಟ ಅರ್ಧ ನಮ್ಮಂಥ ಗದ್ದೆಯವರದ್ದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. 2018ರ ಜೂನ್ 23, ಶನಿವಾರ. ಥಾಯ್ಲೆಂಡಿನ ಉತ್ತರದ ತುದಿ, ಚಿಯಾಂಗ್ ರಾಯ್ ಪ್ರಾಂತ್ಯ, ಮ್ಯಾನ್ಮಾರ್ ಗಡಿಗೆ ಅಂಟಿಕೊಂಡ ಮೇ ಸಾಯ್ ಕಡೆಯ ಬೆಟ್ಟ. ಫುಟ್‌ಬಾಲ್ ಆಡಿ ಮುಗಿಸಿದ 12 ಹುಡುಗರು, 11ರಿಂದ 16 ವರ್ಷದವರು, 25 ವರ್ಷದ ಸಹಾಯಕ ಕೋಚ್ ಜೊತೆ ಸೈಕಲ್ ಹತ್ತಿ ಥಾಮ್ ಲುವಾಂಗ್ ಗುಹೆಗೆ ಹೋದರು. ಅವತ್ತು ಅವರಲ್ಲೊಬ್ಬನ ಹುಟ್ಟುಹಬ್ಬ, ಮನೆಯಲ್ಲಿ ಕೇಕ್ ತಂದಿಟ್ಟು ಕಾಯುತ್ತಿದ್ದರು. ಇವರು ಒಳಗಿದ್ದಾಗ ಹೊರಗೆ ಮಳೆ ಹಿಡಿಯಿತು. ವಾಪಸ್ ಬರುವ ದಾರಿಯಲ್ಲಿ ನೀರು ನಿಂತಿತ್ತು. ಹಿಂದೆ ಹಿಂದೆ ಸರಿಯುತ್ತಾ ಬಾಯಿಯಿಂದ ಸುಮಾರು 4 ಕಿಲೋಮೀಟರ್ ಒಳಗೆ ಒಂದು ದಿಬ್ಬದ ಮೇಲೆ ಕೂತರು. ಗುಹೆ ಬಾಯಿಯಲ್ಲಿ ಅವರ ಸೈಕಲ್‌ಗಳು ಹಾಗೇ ನಿಂತಿದ್ದವು. ಜುಲೈ 2ರ ರಾತ್ರಿ ಬ್ರಿಟನ್ನಿನ ಗುಹೆ ಡೈವರ್‌ಗಳಾದ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥನ್ ಬಂದು ಅವರನ್ನು ಕಾಣುವವರೆಗೆ ಆ ಮಕ್ಕಳು ಹೊಟ್ಟೆಗೆ ಏನೂ ಇಲ್ಲದೆ, ಗೋಡೆಯಿಂದ ತೊಟ್ಟಿಕ್ಕುವ ನೀರು ಕುಡಿದುಕೊಂಡು ಇದ್ದರು. ಜುಲೈ 8, 9, 10, ಮೂರು ದಿನದಲ್ಲಿ 4, 4, 5 ಅಂತ 13 ಜನವೂ ಬದುಕಿ ಹೊರಗೆ ಬಂದರು.

ಈಗ ನನ್ನ ಮಾತು. ಡೈವರ್‌ಗಳು ಅಷ್ಟು ದೂರ ಹೋಗಿ ಬರಲು ಸಾಧ್ಯ ಆಗಿದ್ದೇ ಹೊರಗೆ ಹಗಲೂ ರಾತ್ರಿ ನೀರು ಎತ್ತುತ್ತಾ ಇದ್ದಿದ್ದರಿಂದ. 100 ಕೋಟಿ ಲೀಟರ್‌ಗೂ ಜಾಸ್ತಿ ನೀರು ಎತ್ತಿದರು. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಒಂದು ಟಿಎಂಸಿಯಲ್ಲಿ 28 ಪಾಲು ಮಾಡಿದರೆ ಒಂದು ಪಾಲು. ಭದ್ರಾ ಅಣೆಕಟ್ಟಿನ ಮುಂದೆ ಅದು ಏನೂ ಅಲ್ಲ. ಆದರೆ ಒಂದು ಬೆಟ್ಟದ ಬುಡದಿಂದ, ಪೈಪಿನಲ್ಲಿ, ಮಳೆ ಬರ್ತಾ ಇರುವಾಗಲೇ ಎತ್ತಿ ಹಾಕೋದು ಅಂದ್ರೆ ಯೋಚನೆ ಮಾಡಿ. ಆ ನೀರು ಎಲ್ಲಿಗೆ ಹೋಗಬೇಕು? ಕೆಳಗಿನ ಗದ್ದೆಗೆ.

ಗದ್ದೆಗೆ ನೀರು ಬಂದರೆ ಒಳ್ಳೇದಲ್ವಾ ಅಂತ ಪೇಟೆಯವರಿಗೆ ಅನ್ನಿಸಬಹುದು. ಭತ್ತಕ್ಕೆ ನೀರು ಬೇಕು, ಆದರೆ ಸಸಿಯ ತಲೆ ನೀರಿನಿಂದ ಮೇಲಿರಬೇಕು. ನಾಟಿ ಮಾಡಿ ಹತ್ತು ಹದಿನೈದು ದಿನದ ಸಸಿ ಪೂರ್ತಿ ಮುಳುಗಿ ನಾಲ್ಕೈದು ದಿನ ನಿಂತರೆ ಕಥೆ ಮುಗೀತು. ಒಂದು ವರ್ಷ ನಮ್ಮ ಹೊಲದ ಮೇಲ್ಗಡೆ ನಾಲೆ ಒಡೆದು ಎರಡು ಎಕರೆ ಹಾಗೆ ಮುಳುಗಿತ್ತು. ನೀರು ಇಳಿದ ಮೇಲೆ ಹೋಗಿ ಒಂದು ಬುಡ ಹಿಡಿದು ಎಳೆದೆ. ಬೇರು ಮಣ್ಣಲ್ಲೇ ಉಳಿಯಿತು, ಎಲೆ ಮಾತ್ರ ಕೈಗೆ ಬಂತು, ಬೆರಳಿಗೆಲ್ಲಾ ಲೋಳೆ. ಆ ವಾಸನೆ ಇವತ್ತಿಗೂ ಮರೆತಿಲ್ಲ. ನಮ್ಮದು ಒಡೆದಿದ್ದರಿಂದ ಆಗಿದ್ದು. ಅಲ್ಲಿಯವರು ಗೊತ್ತಿದ್ದೂ ಗೊತ್ತಿದ್ದೂ, ಬಿಡಿ ನಮ್ಮ ಗದ್ದೆಗೇ ಬಿಡಿ ಅಂದರು. ನೂರಕ್ಕೂ ಹೆಚ್ಚು ರೈತರ ಗದ್ದೆ ಮುಳುಗಿತು. ಸರ್ಕಾರ ಪರಿಹಾರ ಕೊಡ್ತೀವಿ ಅಂದಾಗ ಬೇಡ ಅಂದವರೂ ಇದ್ದರು. ಒಬ್ಬ ಹೆಣ್ಣುಮಗಳು ಗುಹೆ ಹತ್ತಿರ ಸೇವೆಗೆ ಅಂತ ಹೋಗಿ ಕೆಲವು ದಿನ ಬಿಟ್ಟು ಮನೆಗೆ ಬಂದು ನೋಡಿದರೆ ತಮ್ಮ ಗದ್ದೆಯೇ ಕೆರೆ ಆಗಿತ್ತು. ಭತ್ತ ಇನ್ನೊಂದು ಸಲ ಬೆಳೀಬಹುದು, ಮಕ್ಕಳನ್ನ ಬೆಳೆಯೋಕಾಗಲ್ಲ ಅನ್ನೋ ಅರ್ಥದ ಮಾತನ್ನು ಅವರು ಆಗ ಹೇಳಿದ್ದು ಸುದ್ದಿಯಾಗಿತ್ತು.

ನಿಮಗೆ ಈ ಘಟನೆಯಲ್ಲಿ ಯಾವುದು ಮನಸ್ಸಲ್ಲಿ ನಿಂತಿದೆ, ಬರೀರಿ. ಮಗಳಿಗೆ ಈ ಸಲ ಪೂರ್ತಿ ಹೇಳಬೇಕು.

ಮಲೆನಾಡ್ ಮಳೆ

ಚೆನ್ನಾಗಿ ಬರೆದಿದ್ದೀರಿ ಅಣ್ಣ. ಇದು ನನಗೆ ಗೊತ್ತೇ ಇರಲಿಲ್ಲ. ಒಂದು ಪ್ರಶ್ನೆ. ಮಕ್ಕಳು ಸಿಕ್ಕಿದ ಮೇಲೆ ಊಟ, ಔಷಧಿ ಒಳಗೆ ತಲುಪಿಸ್ತಾ ಇದ್ದರಲ್ಲ, ಮಳೆಗಾಲ ಮುಗಿಯೋವರೆಗೆ ಅಲ್ಲೇ ಇಟ್ಟುಕೊಂಡು ಆಮೇಲೆ ನಡೆಸಿಕೊಂಡು ಬರಬಹುದಿತ್ತು ಅಲ್ವಾ? ಇಲ್ಲಾ ಬೆಟ್ಟದ ಮೇಲಿಂದ ಬೋರ್‌ವೆಲ್ ಥರ ಕೊರೆಯಬಹುದಿತ್ತು. ಇಷ್ಟು ಅಪಾಯದ ದಾರಿ ಯಾಕೆ ಹಿಡಿದರು?

ನೇತ್ರಾಣಿ ನೀರು

ನಾನು ಮುರುಡೇಶ್ವರದ ಕಡೆಯವನು, ನೇತ್ರಾಣಿ ದ್ವೀಪದ ಹತ್ತಿರ ಪ್ರವಾಸಿಗರಿಗೆ ಡೈವಿಂಗ್ ಮಾಡಿಸುವ ಕೆಲಸ. ಮಲೆನಾಡ್ ಮಳೆ ಅವರ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಕಾಯೋದು ಅಂದ್ರೆ ನಾಲ್ಕು ತಿಂಗಳು. ಅಷ್ಟು ದಿನಕ್ಕೆ 13 ಜನರ ಊಟವನ್ನು ಮುಳುಗಿ ಮುಳುಗಿ ತಲುಪಿಸಬೇಕು. ಒಂದು ಸಲ ಹೋಗಿ ಬರೋಕೆ ಚೆನ್ನಾಗಿ ಪಳಗಿದವರಿಗೇ ಹತ್ತು ಹನ್ನೊಂದು ತಾಸು ಹಿಡೀತಿತ್ತು. ಅದಕ್ಕಿಂತ ಮುಖ್ಯ, ಗಾಳಿ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ 21 ಪರ್ಸೆಂಟ್. ಮಕ್ಕಳಿದ್ದ ಜಾಗದಲ್ಲಿ 15ಕ್ಕೆ ಇಳಿದಿತ್ತು. ಮತ್ತೆ ದೊಡ್ಡ ಮಳೆ ಬರುವ ಸೂಚನೆ ಇತ್ತು, ಬಂದರೆ ಆ ದಿಬ್ಬವೂ ಮುಳುಗುವ ಭಯ. ಕೊರೆಯೋದನ್ನೂ ನೋಡಿದರು, ನೂರಕ್ಕೂ ಹೆಚ್ಚು ಕಡೆ ತೂತು ಹಾಕಿದರು. ಬೆಟ್ಟ ದಪ್ಪ, ಮಕ್ಕಳು ಸರಿಯಾಗಿ ಯಾವ ಜಾಗದ ಕೆಳಗಿದ್ದಾರೆ ಅಂತ ಮೇಲಿಂದ ಗುರುತು ಹಿಡಿಯೋಕಾಗಲಿಲ್ಲ. ಪಕ್ಷಿಗೂಡು ಕೀಳುವ ಕಸುಬಿನವರು ದಕ್ಷಿಣದ ಲಿಬಾಂಗ್ ದ್ವೀಪದಿಂದ ಬಂದು ಬಂಡೆ ಹತ್ತಿ ಬಿರುಕುಗಳನ್ನು ಹುಡುಕಿದರು. ಯಾವುದೂ ಒಳಗೆ ತಲುಪಲಿಲ್ಲ.

ಸಮುದ್ರದಲ್ಲಿ ಮುಳುಗೋದು ಬೇರೆ, ಗುಹೆಯಲ್ಲಿ ಮುಳುಗೋದು ಬೇರೆ. ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳೋದು, ಗಾಬರಿ ಆದರೆ ನನ್ನ ಕೈ ಹಿಡೀರಿ, ನಿಧಾನ ಮೇಲೆ ಹೋಗೋಣ ಅಂತ. ಗುಹೆಯಲ್ಲಿ ಮೇಲೆ ಅನ್ನೋದೇ ಇಲ್ಲ, ಮೇಲೆ ಬಂಡೆ. ನೇತ್ರಾಣಿಯಲ್ಲಿ ಒಳ್ಳೇ ದಿನ ಹತ್ತು ಹದಿನೈದು ಮೀಟರ್ ಕಾಣುತ್ತೆ. ಮಳೆ ಬಂದು ಕೆಂಪು ನೀರು ಸೇರಿದ ಒಂದು ದಿನ ನಾನು ಕೈಯನ್ನು ಮುಖದ ಮುಂದೆ ತಂದು ಮಾಸ್ಕಿನ ಗಾಜಿಗೆ ಬೆರಳು ತಾಗಿದಾಗಷ್ಟೇ ಕೈ ಇದೆ ಅಂತ ಗೊತ್ತಾಯ್ತು. ಟಾರ್ಚ್ ಹಚ್ಚಿದರೆ ಇನ್ನೂ ಕೆಟ್ಟದು, ಕಣ್ಣ ಮುಂದೆ ಬರೀ ಕಂದು ಬೆಳಕು. ಎರಡು ನಿಮಿಷಕ್ಕೆ ಮೇಲೆ ಬಂದುಬಿಟ್ಟೆ. ಅವರು ಅಂಥ ನೀರಲ್ಲಿ ಹಗ್ಗ ಒಂದನ್ನೇ ಹಿಡಿದು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು, ಚೂಪು ಕಲ್ಲಿಗೆ ಮಗುವಿನ ಮುಖ ತಾಗದ ಹಾಗೆ ತಮ್ಮ ತಲೆಯನ್ನೇ ಅಡ್ಡ ಕೊಟ್ಟುಕೊಂಡು ಬಂದರು.

ಕೊನೆಯ ದಿನ ಕ್ರಿಸ್ ಜುವೆಲ್ ಅನ್ನೋ ಡೈವರ್ ಕೈಯಿಂದ ಹಗ್ಗ ತಪ್ಪಿತು. ಕತ್ತಲಲ್ಲಿ ತಡಕಾಡಿದಾಗ ಒಂದು ಕರೆಂಟ್ ಕೇಬಲ್ ಸಿಕ್ಕಿತು. ಅದನ್ನೇ ಹಿಡಿದು ಹೋದರೆ ಬಂದ ದಾರಿಯಲ್ಲೇ ಹಿಂದಿನ ಕೋಣೆಗೆ ತಲುಪಿದ್ದರು. ಅಲ್ಲಿ ಮಗುವನ್ನು ನೀರಿನಿಂದ ಮೇಲೆಳೆದು ಹಿಂದೆ ಬರುವವರಿಗಾಗಿ ಕಾದರು. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯ್ತು. ಹಗ್ಗ ತಪ್ಪಿದ ಮೇಲೆ ತಡಕಾಡುವಷ್ಟು ತಾಳ್ಮೆ ಉಳಿಸಿಕೊಳ್ಳೋದು ಎಷ್ಟು ಕಷ್ಟ ಅಂತ ನೀರಿಗಿಳಿದವರಿಗೆ ಗೊತ್ತು.

ಸಮನ್ ಕುನಾನ್ ಹೆಸರನ್ನು ಇಲ್ಲಿ ಯಾರೂ ಹೇಳದೆ ಬಿಡಬಾರದು. ನೌಕಾಪಡೆ ಬಿಟ್ಟು ಬೇರೆ ಕೆಲಸದಲ್ಲಿದ್ದವರು, ಸ್ವಯಂಸೇವಕರಾಗಿ ಬಂದರು. ಒಳಗೆ ಗಾಳಿ ಸಿಲಿಂಡರ್ ಇಟ್ಟು ವಾಪಸ್ ಬರುವಾಗ ಜುಲೈ 6ರ ಬೆಳಗಿನ ಜಾವ ತೀರಿಕೊಂಡರು. ಇನ್ನೊಬ್ಬ ನೇವಿ ಸೀಲ್, ಅಂದ್ರೆ ನೌಕಾಪಡೆಯ ಕಮಾಂಡೊ, ಬೈರುತ್ ಪಕ್ಬಾರಾ, ಆ ಕಾರ್ಯಾಚರಣೆಯಲ್ಲಿ ತಗುಲಿದ ರಕ್ತದ ಸೋಂಕಿನಿಂದ ನರಳಿ 2019ರ ಡಿಸೆಂಬರ್‌ನಲ್ಲಿ ಹೋದರು. 13 ಜನ ಬದುಕಿದರು ಅನ್ನುವಾಗ ಈ ಇಬ್ಬರೂ ನೆನಪಿರಬೇಕು.

ಅಮ್ಮನ ಕೈರುಚಿ

ಓದ್ತಾ ಓದ್ತಾ ಕಣ್ಣು ತುಂಬಿತು. ನನ್ನ ಮಗನಿಗೂ 11. ಡೈವಿಂಗ್ ಗೊತ್ತಿಲ್ಲದ ಮಕ್ಕಳನ್ನು ಅಂಥ ನೀರಲ್ಲಿ ಹೇಗೆ ತಂದರು, ಮಕ್ಕಳು ಹೆದರಿ ಒದ್ದಾಡಲಿಲ್ವಾ?

ನೇತ್ರಾಣಿ ನೀರು

ಒದ್ದಾಡ್ತಾರೆ ಅಂತ ಮೊದಲೇ ಗೊತ್ತಿತ್ತು ಅಕ್ಕ. ಮಕ್ಕಳು ಸಿಗುವ ಮೊದಲೇ ಒಳಗೆ ನೀರಿನ ಕೆಲಸಕ್ಕೆ ಹೋಗಿದ್ದ ನಾಲ್ಕು ಜನ ದೊಡ್ಡವರು ಮೂರನೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆ ನಾಲ್ವರನ್ನು ಸ್ಟಾಂಟನ್, ವೊಲಾಂಥನ್ ಸ್ವಲ್ಪವೇ ದೂರ ನೀರೊಳಗೆ ಕರೆದುಕೊಂಡು ಬರಬೇಕಿತ್ತು, ಅಷ್ಟಕ್ಕೇ ಆ ಗಟ್ಟಿ ಆಳುಗಳು ಪ್ರಾಣಭಯದಿಂದ ಕೈಕಾಲು ಬಡಿದರು. ಹಿಡಿದವರ ಜೀವಕ್ಕೂ ಕುತ್ತು ಬಂದಿತ್ತು. ಮಕ್ಕಳನ್ನು ಎಚ್ಚರವಾಗಿಟ್ಟು ಮೂರು ತಾಸು ತರೋಕೆ ಸಾಧ್ಯವಿಲ್ಲ ಅಂತ ಅವರಿಗೆ ಅವತ್ತೇ ಖಾತ್ರಿ ಆಯ್ತು. ಅದಕ್ಕೇ ಅರಿವಳಿಕೆ.

ಡಾಕ್ಟರಮ್ಮ ಹುಬ್ಬಳ್ಳಿ

ಅರಿವಳಿಕೆ ಮಾತು ಬಂತು, ಅದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ರಿಚರ್ಡ್ ಹ್ಯಾರಿಸ್ ಅಂತ ಆಸ್ಟ್ರೇಲಿಯಾದ ಅಡಿಲೇಡ್‌ನ ಅರಿವಳಿಕೆ ವೈದ್ಯರು, ಗುಹೆ ಡೈವಿಂಗ್ ಅವರ ಹವ್ಯಾಸ. ಜೊತೆಗೆ ಕ್ರೇಗ್ ಚಾಲೆನ್, ಪಶುವೈದ್ಯರಾಗಿದ್ದವರು. ಮಕ್ಕಳಿಗೆ ಜ್ಞಾನ ತಪ್ಪಿಸಿ ತರಬೇಕು ಅಂತ ಬ್ರಿಟಿಷ್ ಡೈವರ್‌ಗಳು ಕೇಳಿದಾಗ ಹ್ಯಾರಿಸ್ ಮೊದಲು ಆಗೋದೇ ಇಲ್ಲ ಅಂದರು. ಆಗೋದಿಲ್ಲ ಅಂತ ನಾನೂ ಹೇಳುತ್ತಿದ್ದೆ. ಒಂದು ಮಗುವೂ ಉಳಿಯೋದಿಲ್ಲ ಅನ್ನಿಸಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಮೊದಲು ಗಾಬರಿ ಕಡಿಮೆ ಮಾಡುವ ಮಾತ್ರೆ, ಅಲ್ಪ್ರಾಜೋಲಾಮ್. ಆಮೇಲೆ ಕಾಲಿಗೆ ಎರಡು ಇಂಜೆಕ್ಷನ್, ಕೆಟಮಿನ್ ಮತ್ತು ಅಟ್ರೋಪಿನ್. ಕೆಟಮಿನ್ ಯಾಕೆ ಅಂದ್ರೆ ಅದರಲ್ಲಿ ಜ್ಞಾನ ತಪ್ಪಿದರೂ ಉಸಿರಾಟ ಸಾಮಾನ್ಯವಾಗಿ ತಾನಾಗೇ ನಡೆಯುತ್ತೆ. ನಮ್ಮಲ್ಲಿ ಸುಟ್ಟ ಗಾಯದ ಮಕ್ಕಳಿಗೆ ಡ್ರೆಸ್ಸಿಂಗ್ ಮಾಡುವಾಗ ದಿನಾ ಬಳಸುವ ಔಷಧಿ, ಹೊಸದೇನಲ್ಲ. ಆದರೆ ಅದು ಬಾಯಲ್ಲಿ ಜೊಲ್ಲು ಜಾಸ್ತಿ ಮಾಡುತ್ತೆ. ಮಾಸ್ಕ್ ಒಳಗೆ ಆ ಜೊಲ್ಲೇ ಉಸಿರು ಕಟ್ಟಿಸಬಹುದು, ಅದಕ್ಕೆ ಅಟ್ರೋಪಿನ್.

ಆಪರೇಷನ್ ಥಿಯೇಟರಿನಲ್ಲಿ ಮಗುವಿಗೆ ಕೆಟಮಿನ್ ಕೊಟ್ಟಾಗ ನಾನು ಏನು ಮಾಡ್ತೀನಿ ಹೇಳ್ತೀನಿ ಕೇಳಿ. ತಲೆಯ ಹತ್ತಿರ ಕೂತು, ಕೆಳದವಡೆಯ ಮೂಳೆ ಕೆಳಗೆ ಎರಡು ಬೆರಳಿಟ್ಟು ಸ್ವಲ್ಪ ಮೇಲೆತ್ತಿ ಹಿಡಿದಿರ್ತೀನಿ. ದವಡೆ ಜೋತರೆ ನಾಲಿಗೆ ಹಿಂದಕ್ಕೆ ಬಿದ್ದು ಗಾಳಿ ದಾರಿ ಮುಚ್ಚುತ್ತೆ. ಮಾನಿಟರ್ ಪಕ್ಕದಲ್ಲೇ ಇದ್ದರೂ ನನಗೆ ನಂಬಿಕೆ ಆ ಬೆರಳುಗಳ ಮೇಲೆ. ಉಸಿರು ಸಣ್ಣಗೆ ಬದಲಾದರೂ ಬೆರಳಿಗೆ ಮೊದಲು ತಿಳಿಯುತ್ತೆ. ಹ್ಯಾರಿಸ್ ಆ ಬೆರಳು ತೆಗೆದು, ಮಗುವಿನ ಮುಖಕ್ಕೆ ಮಾಸ್ಕ್ ಕಟ್ಟಿಸಿ, ಎಚ್ಚರ ಆದರೆ ಮಾಸ್ಕ್ ಕೀಳಬಾರದು ಅಂತ ಕೈಗಳನ್ನು ಹಿಂದಕ್ಕೆ ಕಟ್ಟಿಸಿ, ಮುಖವನ್ನು ನೀರಿಗೆ ಅದ್ದಿ ಉಸಿರು ಗುಳ್ಳೆ ಬರುತ್ತಾ ಅಂತ ನೋಡಿ, ಡೈವರ್ ಕೈಗೆ ಒಪ್ಪಿಸಿದರು. ಮೊದಲ ಮಗು ಬದುಕಿ ತಲುಪಿತಾ ಇಲ್ವಾ ಅಂತ ಗೊತ್ತಾಗೋಕೆ ದಾರಿಯೇ ಇಲ್ಲ, ಫೋನ್ ಇಲ್ಲ, ಏನಿಲ್ಲ. ಅದು ಗೊತ್ತಾಗದೇ ಎರಡನೇ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಸೂಜಿ ಹಾಕಬೇಕು. ಆಮೇಲೆ ಮೂರನೇದು. ನಾನು ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ, ನನ್ನಿಂದ ಆಗ್ತಿರಲಿಲ್ಲ.

ಇನ್ನೊಂದು. ಕೆಟಮಿನ್ ಪ್ರಭಾವ ದಾರಿಯ ಮಧ್ಯೆಯೇ ಇಳಿದುಹೋಗುತ್ತೆ, ದಾರಿ ಮೂರು ತಾಸಿನದ್ದು. ಹಾಗಾಗಿ ಮಧ್ಯದಲ್ಲಿ ಡೈವರ್‌ಗಳೇ ಮತ್ತೆ ಇಂಜೆಕ್ಷನ್ ಕೊಡಬೇಕಿತ್ತು. ಅವರಲ್ಲಿ ಒಬ್ಬರು ಅಗ್ನಿಶಾಮಕ ದಳದಲ್ಲಿದ್ದವರು, ಇನ್ನೊಬ್ಬರು ಕಂಪ್ಯೂಟರ್ ಕೆಲಸದವರು. ಕತ್ತಲಲ್ಲಿ, ಸೊಂಟದವರೆಗಿನ ನೀರಲ್ಲಿ ನಿಂತು, ಒದ್ದೆ ಬಟ್ಟೆ ಮೇಲಿಂದಲೇ ಮಗುವಿನ ತೊಡೆಗೆ ಚುಚ್ಚಿದರು. ಸಣ್ಣ ಹುಡುಗರ ಮುಖಕ್ಕೆ ಮಾಸ್ಕ್ ದೊಡ್ಡದಾಗುತ್ತಿತ್ತು, ಅದು ಬೇರೆ ಚಿಂತೆ. ಮೊದಲೇ ಊರಿನ ಈಜುಕೊಳದಲ್ಲಿ ಅಲ್ಲಿನ ಮಕ್ಕಳನ್ನೇ ಇಳಿಸಿ ಅಭ್ಯಾಸ ಮಾಡಿ ನೋಡಿದ್ದರು.

ಎಲ್ಲಾ ಮುಗಿದು ಹೊರಗೆ ಬಂದ ಹ್ಯಾರಿಸ್‌ಗೆ ಕಾದಿದ್ದ ಸುದ್ದಿ ಅವರ ತಂದೆ ತೀರಿಕೊಂಡಿದ್ದು.

ನೇರ ಮಾತು

ಎಲ್ಲರೂ ಹೊಗಳ್ತಾ ಇದ್ದೀರಿ, ನಾನೂ ಒಪ್ಪುತ್ತೇನೆ. ಆದರೆ ಕೋಚ್ ಮಾಡಿದ್ದು ತಪ್ಪಲ್ವಾ? ಮಳೆಗಾಲದಲ್ಲಿ ಗುಹೆಗೆ ಹೋಗಬೇಡಿ ಅಂತ ಬೋರ್ಡ್ ಇತ್ತಂತೆ. ಅವನ ಒಂದು ತಪ್ಪಿಗೆ ಇಬ್ಬರು ಜೀವ ಬಿಟ್ಟರು, ಸಾವಿರಾರು ಜನ ನಿದ್ದೆ ಬಿಟ್ಟರು, ರೈತರ ಬೆಳೆ ಹೋಯ್ತು. ಕೇಸ್ ಹಾಕಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಮಕ್ಕಳ ಜವಾಬ್ದಾರಿ ಹೊತ್ತವರು ಯೋಚನೆ ಮಾಡಬೇಕು.

ಸರ್ಕಾರಿ ಶಾಲೆ ಮೇಷ್ಟ್ರು

ನೇರ ಮಾತು ಸರ್, ನಾನು ವರ್ಷಕ್ಕೊಂದು ಸಲ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುವವನು. ನಿಮ್ಮ ಮಾತಲ್ಲಿ ತೂಕ ಇದೆ. ಮಕ್ಕಳನ್ನು ಎಣಿಸಿ ಎಣಿಸಿ ಬಸ್ ಹತ್ತಿಸುವಾಗ ನನಗೆ ಈ ಘಟನೆ ನೆನಪಾಗುತ್ತೆ. ಬೋರ್ಡಿನಲ್ಲಿ ಜುಲೈನಿಂದ ಅಪಾಯ ಅಂತ ಇತ್ತು, ಮಳೆ ಜೂನ್‌ನಲ್ಲೇ ಜೋರಾಯಿತು. ಆದರೂ ಮಕ್ಕಳ ಜೊತೆ ಇರುವವನು ಇನ್ನೂ ಒಂದು ಹೆಜ್ಜೆ ಹಿಂದೆ ಇರಬೇಕಿತ್ತು, ಅದನ್ನು ನಾನು ಇಲ್ಲ ಅನ್ನೋದಿಲ್ಲ.

ಆದರೆ ಆ ಹುಡುಗ ಎಕ್ಕಪೋಲ್ ಒಳಗೆ ಏನು ಮಾಡಿದ ಅನ್ನೋದನ್ನೂ ನೋಡಿ. ಚಿಕ್ಕಂದಿನಲ್ಲೇ ತಂದೆ ತಾಯಿ ಕಳೆದುಕೊಂಡು ಬೌದ್ಧ ವಿಹಾರದಲ್ಲಿ ಬೆಳೆದವನು. ಕತ್ತಲಲ್ಲಿ ಮಕ್ಕಳಿಗೆ ಧ್ಯಾನ ಹೇಳಿಕೊಟ್ಟ, ಕೆಸರು ನೀರು ಕುಡಿಯಬೇಡಿ, ಗೋಡೆಯಿಂದ ತೊಟ್ಟಿಕ್ಕುವುದನ್ನು ಮಾತ್ರ ಕುಡೀರಿ ಅಂದ, ಸರದಿಯ ಮೇಲೆ ಕಲ್ಲಿನಿಂದ ಗೋಡೆ ಅಗೆಯಲು ಹಚ್ಚಿದ. ಹೊರಗೆ ಹೋಗುವ ದಾರಿ ಸಿಗಲಿಲ್ಲ, ಆದರೆ ಮಾಡೋಕೆ ಒಂದು ಕೆಲಸ ಇತ್ತಲ್ಲ. ಗಾಳಿಯಿಲ್ಲದ ಆ ಕತ್ತಲಲ್ಲಿ 12 ಮಕ್ಕಳು ಒಬ್ಬರನ್ನೊಬ್ಬರು ಬೈದುಕೊಂಡು ಚೆದುರದೆ ಇದ್ದರು ಅಂದ್ರೆ ಅದು ಸುಮ್ನೆ ಆಗೋದಲ್ಲ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಕರೆಂಟ್ ಹೋದರೆ ತರಗತಿ ಏನಾಗುತ್ತೆ ಅಂತ ನನಗೆ ಗೊತ್ತು.

ಒಳಗಿಂದ ಬರೆದು ಕಳಿಸಿದ ಚೀಟಿಯಲ್ಲಿ ಅವನು ಪೋಷಕರ ಕ್ಷಮೆ ಕೇಳಿದ. ಪೋಷಕರು ನಿನ್ನ ತಪ್ಪಿಲ್ಲ, ನೀನು ನಿನ್ನ ತಲೆಗೆ ಹಚ್ಚಿಕೊಳ್ಳಬೇಡ ಅಂತ ವಾಪಸ್ ಬರೆದರು. ಆ 12 ಮನೆಯವರೇ ಹಾಗೆ ಹೇಳಿದ ಮೇಲೆ ನಾನು ಏನು ಹೇಳಲಿ. ಮಕ್ಕಳ ಚೀಟಿಯಲ್ಲಿ ಒಂದು ಮಾತು ಇತ್ತು, ಟೀಚರ್ ಹೋಮ್‌ವರ್ಕ್ ಜಾಸ್ತಿ ಕೊಡಬೇಡಿ ಅಂತ. ಅದನ್ನು ಓದಿದ ದಿನ ನಾನು ತರಗತಿಯಲ್ಲಿ ಸುಮ್ಮನೆ ನಿಂತುಬಿಟ್ಟಿದ್ದೆ.

ಯಾರು ಮೊದಲು ಹೋಗೋದು ಅಂತ ಬಂದಾಗ, ಮನೆ ದೂರ ಇರುವವರು ಮೊದಲು ಅಂತ ಅವರೇ ತೀರ್ಮಾನ ಮಾಡಿದರಂತೆ. ಹೊರಗೆ ಹೋದ ಕೂಡಲೇ ಸೈಕಲ್ ತುಳಿದು ಮನೆಗೆ ಹೋಗಬೇಕು, ದೂರದವರಿಗೆ ಹೊತ್ತಾಗುತ್ತೆ ಅನ್ನೋ ಲೆಕ್ಕ. ಹೊರಗೆ ಲೋಕವೇ ಬಂದು ನಿಂತಿದೆ ಅಂತ ಅವರಿಗೆ ಗೊತ್ತೇ ಇಲ್ಲ.

ಇನ್ನೂ ಒಂದು ಸಂಗತಿ. ಆ ಕೋಚ್‌ಗೂ ಮೂರು ಹುಡುಗರಿಗೂ ಯಾವ ದೇಶದ ಪೌರತ್ವವೂ ಇರಲಿಲ್ಲ. ಗಡಿ ಭಾಗದಲ್ಲಿ ಹುಟ್ಟಿ ಬೆಳೆದು ಕಾಗದ ಇಲ್ಲದ ಜನ. ಡೈವರ್‌ಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ ಹುಡುಗ ಆ ಮೂವರಲ್ಲಿ ಒಬ್ಬ. 2018ರ ಆಗಸ್ಟ್‌ನಲ್ಲಿ ಅವರಿಗೆ ಥಾಯ್ ಪೌರತ್ವ ಕೊಟ್ಟರು.

ನೇರ ಮಾತು

ಮೇಷ್ಟ್ರೇ, ಪೋಷಕರ ಪತ್ರದ ವಿಷಯ ನನಗೆ ಗೊತ್ತಿರಲಿಲ್ಲ. ಕೇಸ್ ಅನ್ನೋ ಮಾತು ವಾಪಸ್ ತಗೋತೀನಿ. ಎಚ್ಚರಿಕೆಯ ಮಾತು ಮಾತ್ರ ಹಾಗೇ ಇರಲಿ.

ಮೋಟರ್ ಅಂಗಡಿ ಹರಿಹರ

ತುಂಗಭದ್ರಾ ದಂಡೆ ಅಣ್ಣ, ನೀರು ಎತ್ತಿದವರ ಮಾತು ತೆಗೆದಿದ್ದು ಬಹಳ ಖುಷಿ ಆಯ್ತು. ನನ್ನದು ಮೋಟರ್ ರಿವೈಂಡಿಂಗ್, ಪಂಪ್ ರಿಪೇರಿ. ಹೊರಗಿನವರಿಗೆ ಪಂಪ್ ಅಂದ್ರೆ ಸ್ವಿಚ್ ಒತ್ತಿದರೆ ಆಯ್ತು. ಅಷ್ಟು ಸುಲಭ ಇಲ್ಲ.

ದಂಡೆಯ ಮೇಲೆ ಇಟ್ಟ ಪಂಪು ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರು ಎಳೆಯೋದಿಲ್ಲ, ಎಷ್ಟು ಎಚ್‌ಪಿ ಹಾಕಿದರೂ ಅಷ್ಟೇ. ಹಾಗಾಗಿ ಪಂಪನ್ನೇ ನೀರಿನ ಹತ್ತಿರ ಒಯ್ಯಬೇಕು. ಗುಹೆ ನೇರ ಇಲ್ಲ, ಏರು ಇಳಿವು ತಿರುವು. ಪೈಪಿಗೆ ಒಂದೊಂದು ಬೆಂಡ್ ಬಂದಾಗಲೂ ಒತ್ತಡ ಕಡಿಮೆ ಆಗುತ್ತೆ. ಕೆಸರು ನೀರು ಪಂಪಿನೊಳಗೆ ತಿರುಗುವ ಚಕ್ರ, ಇಂಪೆಲ್ಲರ್, ಅದನ್ನೇ ತಿಂದುಹಾಕುತ್ತೆ. ನೀರು ಇಳಿಯುತ್ತಾ ಹೋದ ಹಾಗೆ ಪೈಪಿನ ಬಾಯಿ ಮೇಲೆ ಬಂದು ಪಂಪು ಗಾಳಿ ಹಿಡಿಯುತ್ತೆ, ಯಾರೋ ಒಬ್ಬ ಅಲ್ಲೇ ಕೂತು ಬಾಯಿ ಕೆಳಗಿಳಿಸುತ್ತಾ ಇರಬೇಕು. ಕೈಯಲ್ಲಿ ಪೈಪ್ ಹಿಡಿದಿದ್ದರೆ ಗಾಳಿ ಹಿಡಿಯೋ ಮೊದಲೇ ಒಂದು ನಡುಕ ಬರುತ್ತೆ, ಆಗಲೇ ಒತ್ತಬೇಕು, ತಡ ಆದರೆ ಮತ್ತೆ ನೀರು ತುಂಬಿಸಿ ಮೊದಲಿಂದ. ಇದರ ಮೇಲೆ ಒದ್ದೆ ಗುಹೆಯಲ್ಲಿ ಕರೆಂಟ್ ಕೇಬಲ್. ಒಂದು ಕಡೆ ಇನ್ಸುಲೇಷನ್ ಹೋದರೆ ನಿಂತವರೆಲ್ಲಾ ಹೋದರು.

ಮೊದಲ ದಿನಗಳಲ್ಲಿ ಎಷ್ಟು ಎತ್ತಿದರೂ ಮಳೆ ಅದಕ್ಕಿಂತ ಜಾಸ್ತಿ ತುಂಬುತ್ತಿತ್ತು. ಬರೀ ಒಳಗಿನದು ಎತ್ತಿದರೆ ಸಾಲದು ಅಂತ ಅವರಿಗೆ ಆಮೇಲೆ ಗೊತ್ತಾಯಿತು. ಬೆಟ್ಟದ ಮೇಲೆ ಕಾಡಿಗೆ ಹೋಗಿ, ಗುಹೆಗೆ ಇಂಗುವ ಹಳ್ಳಗಳನ್ನು ಹುಡುಕಿ, ಅಡ್ಡ ಕಟ್ಟಿ, ಪೈಪಿನಲ್ಲಿ ಬೇರೆ ಕಡೆ ತಿರುಗಿಸಿದರು. ಕೆಳಗೆ ಬೋರ್ ಹಾಕಿ ಅಂತರ್ಜಲ ಎತ್ತಿದರು. ಮೂರೂ ಕೆಲಸ ಒಟ್ಟಿಗೆ ನಡೆದ ಮೇಲೆ ನೀರು ಇಳಿಯಿತು. ಅದರಿಂದಲೇ ಬಾಯಿಯಿಂದ ಮೂರನೇ ಕೋಣೆವರೆಗಿನ ಒಂದೂವರೆ ಕಿಲೋಮೀಟರ್ ಬಹುಪಾಲು ನಡೆದು ಹೋಗುವ ಹಾಗೆ ಆಯ್ತು, ಮಕ್ಕಳನ್ನು ಅಲ್ಲಿಂದ ಸ್ಟ್ರೆಚರ್‌ನಲ್ಲಿ ಕೈಯಿಂದ ಕೈಗೆ ದಾಟಿಸಿ ತಂದರು.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ. ಭಾರತದ ರಾಯಭಾರ ಕಚೇರಿ ಮೂಲಕ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ತಂಡ ನೀರು ಎತ್ತುವ ಕೆಲಸಕ್ಕೆ ಸಲಹೆ ಕೊಡೋಕೆ ಅಲ್ಲಿಗೆ ಹೋಗಿತ್ತು. ಆ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲು ಅಂಗಡಿ ಹಾಕಿದ್ದು ಬೆಳಗಾವಿಯಲ್ಲಿ, ಸೈಕಲ್ ಅಂಗಡಿ. ನಮ್ಮ ಹರಿಹರದಲ್ಲಿದ್ದ ಮೈಸೂರು ಕಿರ್ಲೋಸ್ಕರ್ ಅದೇ ಮನೆತನದ್ದು, ಲೇತ್ ಮಾಡುತ್ತಿದ್ದ ಕಾರ್ಖಾನೆ, ಈಗ ಮುಚ್ಚಿ ಹೋಗಿದೆ. ನಮ್ಮ ಅಪ್ಪ ಅಲ್ಲೇ ಕೆಲಸ ಕಲಿತದ್ದು. ಟಿವಿಯಲ್ಲಿ ಆ ಹೆಸರು ಕೇಳಿದಾಗ ಅವರು ಎದ್ದು ನಿಂತು ನೋಡಿದರು.

ಈಶಾನ್ಯದಲ್ಲಿ ಕನ್ನಡಿಗ

ಕಿರ್ಲೋಸ್ಕರ್ ಮಾತು ಬಂದಿದ್ದರಿಂದ ಹೇಳ್ತೀನಿ, ಮನಸ್ಸಿಗೆ ಕಷ್ಟ ಆದರೂ. ನಾನು ಶಿಲ್ಲಾಂಗ್‌ನಲ್ಲಿ ಕೆಲಸ ಮಾಡ್ತೀನಿ. ಅದೇ 2018ರ ಡಿಸೆಂಬರ್ 13ರಂದು ಮೇಘಾಲಯದ ಕ್ಸಾನ್‌ನಲ್ಲಿ ಇಲಿಬಿಲದ ಕಲ್ಲಿದ್ದಲು ಗಣಿಗೆ ಪಕ್ಕದ ಲಿಟೈನ್ ನದಿಯ ನೀರು ನುಗ್ಗಿ 15 ಕಾರ್ಮಿಕರು ಸಿಕ್ಕಿಹಾಕಿಕೊಂಡರು. 370 ಅಡಿ ಆಳದ ಬಾವಿ, ತಳದಲ್ಲಿ ಮಂಡಿಯೂರಿ ಹೋಗುವಂಥ ಬಿಲಗಳು. ಮೊದಲು ತಂದ ಪಂಪ್‌ಗಳು ಸಾಲಲಿಲ್ಲ. ಹೆಚ್ಚು ಶಕ್ತಿಯ ಪಂಪ್‌ಗಳು ಬರುವ ಹೊತ್ತಿಗೆ ಎರಡು ವಾರ ದಾಟಿತ್ತು. ನೌಕಾಪಡೆಯವರು ಬಂದರು, ಎನ್‌ಡಿಆರ್‌ಎಫ್ ಬಂತು, ಕಿರ್ಲೋಸ್ಕರ್, ಕೋಲ್ ಇಂಡಿಯಾ ಪಂಪ್‌ಗಳೂ ಬಂದವು. ಒಬ್ಬರೂ ಬದುಕಿ ಬರಲಿಲ್ಲ. ಎರಡು ಶವ ಮೇಲೆ ಬಂದವು, ಅಷ್ಟೇ.

ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಕ್ಸಾನ್‌ನಲ್ಲಿ ಅಕ್ಕಪಕ್ಕದ ಹಳೇ ಗಣಿಗಳ ನೀರೂ ಸೇರ್ತಾ ಇತ್ತು, ಗಣಿಯ ನಕ್ಷೆ ಇರಲಿಲ್ಲ, ಅಂಥ ಗಣಿಗಾರಿಕೆಗೆ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧ ಹಾಕಿತ್ತು. ಆದರೆ ಥಾಯ್ಲೆಂಡಿನ ಸುದ್ದಿಯನ್ನು ಹಗಲೂ ರಾತ್ರಿ ನೋಡಿದ ನಮ್ಮ ಮನೆಗಳಲ್ಲಿ ಆ 15 ಜನರ ಮಾತು ಎಷ್ಟು ದಿನ ಬಂತು? ನನಗೆ ಅದು ಇವತ್ತಿಗೂ ಚುಚ್ಚುತ್ತೆ. ನಮಗೆ ಆಗೋದೇ ಇಲ್ಲ ಅಂತಲೂ ಇಲ್ಲ. 1989ರಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿದಾಗ ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಮೇಲಿಂದ ತೂತು ಕೊರೆಸಿ, ಕಬ್ಬಿಣದ ಕ್ಯಾಪ್ಸೂಲ್ ಮಾಡಿಸಿ, ತಾವೇ ಅದರಲ್ಲಿ ಇಳಿದು 65 ಜನರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದರು. 2023ರಲ್ಲಿ ಉತ್ತರಾಖಂಡದಲ್ಲಿ ಕುಸಿದ ಸಿಲ್ಕ್ಯಾರಾ ಸುರಂಗದಿಂದ 41 ಜನ 17ನೇ ದಿನ ಹೊರಗೆ ಬಂದರು. ಕೊನೆಯ ಮೀಟರ್‌ಗಳನ್ನು ಕೈಯಲ್ಲಿ ಅಗೆದವರು ಇಲಿಬಿಲ ಗಣಿ ಕೆಲಸದವರೇ.

ನೇತ್ರಾಣಿ ನೀರು

ನೀವು ಹೇಳಿದ್ದು ನಿಜ ಸರ್. 2024ರ ಜುಲೈನಲ್ಲಿ ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ ನಾನು ದಂಡೆಯಲ್ಲಿ ನಿಂತು ನೋಡಿದವನು. ಮಲ್ಪೆಯ ಈಶ್ವರ್ ಅವರು ಆ ಸೆಳೆತದಲ್ಲಿ ಇಳಿದರು, ಒಂದು ಸಲ ಹಗ್ಗ ತುಂಡಾಗಿ ಕೊಚ್ಚಿಕೊಂಡು ಹೋದವರನ್ನು ಹಿಡಿದು ತಂದರು. ಆ ಕುಸಿತದಲ್ಲಿ ನದಿ ಪಾಲಾದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ನೀರು ಇಳಿದು ಹೂಳೆತ್ತುವ ಡ್ರೆಜ್ಜರ್ ಬಂದ ಮೇಲೆ. ನೀರು ಇಳಿಯದೆ ಡೈವರ್ ಒಬ್ಬನೇ ಏನೂ ಮಾಡೋಕಾಗಲ್ಲ ಅಂತ ಅವತ್ತು ಕಣ್ಣಾರೆ ಕಂಡೆ.

ತುಂಗಭದ್ರಾ ದಂಡೆ

ಎಲ್ಲರಿಗೂ ಕೈಮುಗಿದೆ. ಕ್ಸಾನ್ ವಿಷಯ ನನಗೆ ಮರೆತೇ ಹೋಗಿತ್ತು. ಮರೆತಿದ್ದು ತಪ್ಪು. ಮಗಳಿಗೆ ಅದನ್ನೂ ಹೇಳುತ್ತೇನೆ, ಸ್ವಲ್ಪ ದೊಡ್ಡವಳಾದ ಮೇಲೆ.

ಮೋಟರ್ ಅಂಗಡಿ ತಮ್ಮನಿಗೆ ಒಂದು ಮಾತು. ಕೊನೆಯ ದಿನ, ಜುಲೈ 10, ಆ 13 ಜನ ಹೊರಗೆ ಬಂದಾಯ್ತು. ಮಕ್ಕಳ ಜೊತೆ ಒಂದು ವಾರ ಆ ದಿಬ್ಬದ ಮೇಲೆಯೇ ಉಳಿದಿದ್ದ ಥಾಯ್ ಸೇನೆಯ ವೈದ್ಯ ಮತ್ತು ಮೂವರು ನೇವಿ ಸೀಲ್‌ಗಳು ಎಲ್ಲರಿಗಿಂತ ಕೊನೆಗೆ ಬಂದರು. ಸಾಮಾನು ಎತ್ತುತ್ತಾ ಬಹಳ ಜನ ಇನ್ನೂ ಒಂದೂವರೆ ಕಿಲೋಮೀಟರ್ ಒಳಗಿದ್ದಾರೆ. ಆಗ ಮುಖ್ಯ ಪಂಪ್ ನಿಂತುಹೋಯಿತು. ನೋಡನೋಡುತ್ತಾ ನೀರು ಏರಿತು. ಒಳಗಿದ್ದವರು ಎಲ್ಲವನ್ನೂ ಬಿಟ್ಟು ಬಾಯಿಯ ಕಡೆ ಓಡಿದರು. ಎಲ್ಲರೂ ಬಂದರು. ಮೂರು ದಿನ, ಮಕ್ಕಳು ನೀರಲ್ಲಿ ಬರುತ್ತಿರುವಾಗ ಆ ಪಂಪ್ ನಿಲ್ಲದ ಹಾಗೆ ನೋಡಿಕೊಂಡವರ ಕೈಗಳನ್ನು ನಾನು ಈಗ ಬೇರೆ ಥರ ನೆನೆಸಿಕೊಳ್ಳುತ್ತಿದ್ದೇನೆ. ನೀನು ಬರೆದ ಆ ಪೈಪಿನ ನಡುಕ ನನಗೂ ಗೊತ್ತು.

ಅಮ್ಮನ ಕೈರುಚಿ

ಆ ಮಕ್ಕಳು ಈಗ ಹೇಗಿದ್ದಾರೆ?

ಸರ್ಕಾರಿ ಶಾಲೆ ಮೇಷ್ಟ್ರು

ದೊಡ್ಡವರಾಗಿದ್ದಾರೆ ಮೇಡಂ. ಹೊರಗೆ ಬಂದ ಎರಡು ವಾರಕ್ಕೆ ಅವರಲ್ಲಿ 11 ಜನ ಸಮನ್ ಕುನಾನ್ ಅವರ ಹೆಸರಿನಲ್ಲಿ ವಿಹಾರದಲ್ಲಿ ಒಂಬತ್ತು ದಿನ ದೀಕ್ಷೆ ತೆಗೆದುಕೊಂಡರು. ಒಬ್ಬ ಕ್ರೈಸ್ತ ಹುಡುಗ, ಅವನು ತನ್ನ ಚರ್ಚಿನಲ್ಲಿ ಪ್ರಾರ್ಥನೆ ಮಾಡಿದ. ತಂಡದ ನಾಯಕನಾಗಿದ್ದ ಹುಡುಗ ಫುಟ್‌ಬಾಲ್ ಕಲಿಯಲು ಇಂಗ್ಲೆಂಡಿಗೆ ಹೋಗಿದ್ದ. 2023ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡ, ಇನ್ನೂ 17. ಅದನ್ನು ಬರೆಯೋಕೆ ಮನಸ್ಸು ಬರೋದಿಲ್ಲ, ಆದರೆ ನೀವು ಕೇಳಿದಿರಿ.

ಅಮ್ಮನ ಕೈರುಚಿ

ಅಯ್ಯೋ ದೇವರೇ. ಆ ತಾಯಿ.

ತುಂಗಭದ್ರಾ ದಂಡೆ

ಬೆಳಿಗ್ಗೆ ಶಾಲೆಗೆ ಬಿಡುವಾಗ ಬೈಕಿನ ಮೇಲೆ ಮಗಳಿಗೆ ಗದ್ದೆಯವರ ಕಥೆ ಹೇಳಿದೆ. ಪೂರ್ತಿ ಕೇಳಿ, ಆ ಅಮ್ಮ ಮತ್ತೆ ನಾಟಿ ಮಾಡಿದ್ರಾ ಅಪ್ಪಾ ಅಂದಳು. ನೀರು ಇಳಿದಾಗ ಇನ್ನೂ ಜುಲೈ ತಿಂಗಳು ಮಗಾ, ಎಲ್ಲಾದರೂ ಸಸಿ ಸಿಕ್ಕಿದ್ದರೆ ಹೊತ್ತು ಮೀರಿರಲಿಲ್ಲ ಅಂದೆ. ನಮ್ಮ ಸಸಿ ಮಡಿಯಲ್ಲಿ ಜಾಸ್ತಿ ಇದೆಯಲ್ಲ, ಅಂದಳು.